ಮಳೆಗಾಲಕ್ಕೊಂದು ಪ್ರೇಮಕಾದಂಬರಿ: ಈ ಐದರಲ್ಲಿ ಯಾವುದನ್ನು ಎತ್ತಿಕೊಳ್ಳೋದು?

ಜೂನ್‌ನಲ್ಲಿ ಮಳೆ ಒಮ್ಮೆ ಹಿಡಿದರೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಕರೆಂಟು ಇರುವ ಹೊತ್ತಿಗಿಂತ ಇಲ್ಲದ ಹೊತ್ತೇ ಜಾಸ್ತಿ. ನೆಟ್‌ವರ್ಕ್ ಬೇಕೆಂದರೆ ಛತ್ರಿ ಹಿಡಿದು ಗುಡ್ಡ ಹತ್ತಬೇಕು, ಹತ್ತಿದವರ ಕಾಲಿಗೆ ಉಂಬಳ. ಹಾಗಾಗಿ ಮಳೆಗಾಲದಲ್ಲಿ ನಮ್ಮ ಮನೆಯವರು ಓದುತ್ತಾರೆ. ದೊಡ್ಡ ಓದುಗರು ಅಂತೇನಲ್ಲ, ಬೇರೆ ದಾರಿ ಇಲ್ಲ.

ಹೋದ ಸಲ ಅತ್ತಿಗೆ ಫೋನ್ ಮಾಡಿದಳು. "ಶಿವಮೊಗ್ಗದಿಂದ ಬರುವಾಗ ಒಂದು ಲವ್ ಸ್ಟೋರಿ ತಗೊಂಡು ಬಾ. ಕೊನೆಗೆ ಯಾರೂ ಸಾಯಬಾರದು. ಹುಡುಗಿ ಬೆಳ್ಳಗೆ, ತೆಳ್ಳಗೆ, ಬಾಯಿಲ್ಲದವಳು ಆಗಿರಬಾರದು. ಅಂಥವು ಸಾಕಾಗಿವೆ." ಅತ್ತಿಗೆ ಇಂಗ್ಲಿಷ್ ಚೆನ್ನಾಗಿ ಓದುತ್ತಾಳೆ, ಮಾತಾಡಲು ಮಾತ್ರ ನಾಚಿಕೆ. ನಾನು ಒಂದರ ಬದಲು ಐದು ಪುಸ್ತಕ ಹೊತ್ತುಕೊಂಡು ಹೋದೆ. ಆಮೇಲೆ ಓದಿದವರು ಒಬ್ಬೊಬ್ಬರು ಒಂದೊಂದು ಥರ ಹೇಳಿದರು. ಆಫೀಸಿನ ಗೆಳತಿಯರೂ ಕೇಳಲು ಶುರು ಮಾಡಿದರು, "ನನಗೆ ಯಾವುದು ಸರಿ ಹೋಗುತ್ತೆ?" ಪ್ರತಿಯೊಬ್ಬರಿಗೂ ಹೇಳಿ ಹೇಳಿ ಬಾಯಿ ನೋವು ಬಂದಿದೆ, ಇಲ್ಲಿ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಒಂದು ಮಾತು. ಇಂಗ್ಲಿಷ್ ರೊಮ್ಯಾನ್ಸ್ ಅಂದರೆ ನಮ್ಮಲ್ಲಿ ಎಷ್ಟೋ ಜನರಿಗೆ ಈಗಲೂ ಮಿಲ್ಸ್ ಅಂಡ್ ಬೂನ್. 1908ರಲ್ಲಿ ಲಂಡನ್‌ನಲ್ಲಿ ಶುರುವಾದ ಪ್ರಕಾಶನ ಕಂಪನಿ ಅದು. ಎತ್ತರದ ಶ್ರೀಮಂತ ಗಂಡಸು, ಅವನ ಮುಂದೆ ನಡುಗುವ ನರ್ಸೋ ಸೆಕ್ರೆಟರಿಯೋ, ನಮ್ಮ ತಲೆಯಲ್ಲಿ ಕೂತಿರುವ ಚಿತ್ರ ಅದೇ. ಅದು ತಪ್ಪು ಅಂತ ನಾನು ಹೇಳುವುದಿಲ್ಲ, ಹಾಸ್ಟೆಲ್ ದಿನಗಳಲ್ಲಿ ದಿಂಬಿನ ಕೆಳಗೆ ಇಟ್ಟುಕೊಂಡು ಎಷ್ಟೋ ಓದಿದ್ದೇನೆ. ಆದರೆ ಕಳೆದ ಹತ್ತು ವರ್ಷದಲ್ಲಿ ಬಂದ ಕಾದಂಬರಿಗಳ ಮನೆಯೊಳಗೆ ಬೇರೆ ಬೇರೆ ಜನ ಬಂದು ಕೂತಿದ್ದಾರೆ. ಕಪ್ಪು ಹುಡುಗಿ, ಆಟಿಸಂ (ಹುಟ್ಟಿನಿಂದಲೇ ಮಿದುಳು ಬೇರೆ ಥರ ಕೆಲಸ ಮಾಡುವುದು) ಇರುವ ಹುಡುಗ, ಗಡ್ಡ ಬಿಟ್ಟ ಮುಸ್ಲಿಂ ನಾಯಕ, ಇಬ್ಬರು ಗಂಡಸರು. ಇವರು ನಾಯಕಿಯ ಗೆಳತಿಯಾಗಿ, ಪಕ್ಕದ ಮನೆಯವರಾಗಿ ಬಂದು ಹೋಗುವವರಲ್ಲ. ಕಥೆಯೇ ಇವರದು. ಇದು ಸುಲಭವಾಗಿ ಆದದ್ದೂ ಅಲ್ಲ. ಅಮೆರಿಕದ ರೊಮ್ಯಾನ್ಸ್ ಬರಹಗಾರರ ಸಂಘ ಹುಟ್ಟಿದ್ದು 1980ರಲ್ಲಿ, ಅದರ ರೀಟಾ ಪ್ರಶಸ್ತಿ ಕಪ್ಪು ಲೇಖಕಿಯರಿಗೆ ಮೊದಲ ಸಲ ಸಿಕ್ಕಿದ್ದು 2019ರಲ್ಲಿ. ಲೆಕ್ಕ ಹಾಕಿಕೊಳ್ಳಿ.

ಹೇಗೆ ಆರಿಸೋದು ಅಂದರೆ, ನನ್ನ ಅಳತೆಗೋಲು ಒಂದೇ. ಅಡ್ಡಿ ಯಾವುದು ಅಂತ ನೋಡಿ.

ಪ್ರೇಮಕಥೆ ಅಂದರೆ ಇಬ್ಬರು ಜನ, ನಡುವೆ ಒಂದು ಅಡ್ಡಿ. ಅಡ್ಡಿ ಇಲ್ಲದಿದ್ದರೆ ಅದು ಕಾದಂಬರಿ ಅಲ್ಲ, ಲಗ್ನಪತ್ರಿಕೆ. ಈ ಹೊಸ ಪುಸ್ತಕಗಳ ರಟ್ಟಿನ ಹಿಂದೆ "ಕಪ್ಪು ನಾಯಕಿ", "ಆಟಿಸಂ ಇರುವ ನಾಯಕ" ಅಂತೆಲ್ಲ ಬರೆದಿರುತ್ತದೆ. ಅದನ್ನು ಓದಿ ಪುಸ್ತಕ ಆರಿಸಿದರೆ ಮೋಸ ಹೋಗುತ್ತೀರಿ. ಯಾಕೆಂದರೆ ಕೆಲವು ಪುಸ್ತಕಗಳಲ್ಲಿ ಆ ಬೇರೆತನವೇ ಅಡ್ಡಿ, ಇಡೀ ಕಥೆ ಅದರ ಸುತ್ತ ಸುತ್ತುತ್ತದೆ. ಇನ್ನು ಕೆಲವದರಲ್ಲಿ ಅದು ಅವರು ವಾಸ ಮಾಡುವ ಮನೆಯ ಹಾಗೆ, ಇರುತ್ತದೆ ಅಷ್ಟೇ. ಅಡ್ಡಿ ಬೇರೆ ಎಲ್ಲೋ ಇದೆ. ಎರಡೂ ಥರ ಓದಲು ಚೆನ್ನ. ಆದರೆ ಎರಡರ ರುಚಿ ಬೇರೆ, ಅಪ್ಪೆಮಿಡಿಗೂ ಮಾವಿನ ಹಣ್ಣಿಗೂ ಇರುವಷ್ಟು.

ಇನ್ನೊಂದು ಅಳತೆ ಬಿಸಿಯದು. ಅದನ್ನು ನಾವು ಮನೆಯಲ್ಲಿ ಬಚ್ಚಲ ಹಂಡೆಯ ಲೆಕ್ಕದಲ್ಲಿ ಹೇಳುತ್ತೇವೆ. ಒಲೆ ಹಚ್ಚಿಯೇ ಇಲ್ಲ, ಉಗುರು ಬೆಚ್ಚಗೆ, ಹೊಗೆಯಾಡುತ್ತಿದೆ, ಕೊತಕೊತ ಕುದಿಯುತ್ತಿದೆ. ಈ ಪುಸ್ತಕಗಳು ದೊಡ್ಡವರಿಗೆ. ಕೆಲವು ನಿಜಕ್ಕೂ ಕುದಿಯುತ್ತವೆ. ರಟ್ಟಿನ ಮೇಲಿನ ಮುದ್ದು ಮುದ್ದು ಕಾರ್ಟೂನ್ ಚಿತ್ರ ನೋಡಿ ಹೈಸ್ಕೂಲ್ ಮಗಳಿಗೆ ಕೊಟ್ಟು ಆಮೇಲೆ ನನ್ನನ್ನು ಬೈಯಬೇಡಿ.

ನೋವು ನಂಬುವ ಗಂಡಸು ಬೇಕಾದರೆ

ಗೆಟ್ ಎ ಲೈಫ್, ಕ್ಲೋಯಿ ಬ್ರೌನ್. ಬರೆದವರು ಟಾಲಿಯಾ ಹಿಬರ್ಟ್, ಬಂದದ್ದು 2019ರಲ್ಲಿ. ಐದರಲ್ಲಿ ನನಗೆ ತುಂಬ ಹತ್ತಿರದ್ದು ಇದು, ಹಾಗಾಗಿ ಸ್ವಲ್ಪ ಜಾಸ್ತಿ ಮಾತಾಡಿದರೆ ಸಹಿಸಿಕೊಳ್ಳಿ.

ಕ್ಲೋಯಿ ಇಂಗ್ಲೆಂಡಿನ ಕಪ್ಪು ಹುಡುಗಿ. ದುಂಡಗೆ ಇದ್ದಾಳೆ, ದುಡ್ಡಿರುವ ಮನೆಯವಳು, ವೆಬ್ ಡಿಸೈನ್ ಮಾಡುತ್ತಾಳೆ, ಬಾಯಿ ಮಾತ್ರ ಗಾಂಧಾರಿ ಮೆಣಸು. ಅವಳಿಗೆ ಫೈಬ್ರೊಮಯಾಲ್ಜಿಯಾ. ಅಂದರೆ ಮೈಯೆಲ್ಲ ನೋವು, ವರ್ಷಗಟ್ಟಲೆ ಹೋಗದ ಸುಸ್ತು, ನಿದ್ದೆ ಮಾಡಿದರೂ ನಿದ್ದೆ ಆಗಿಲ್ಲ ಅನ್ನಿಸುವುದು. ಈ ಕಾಯಿಲೆಯ ಕಷ್ಟ ಏನೆಂದರೆ ಎಕ್ಸ್‌ರೇ ತೆಗೆದರೂ ರಕ್ತ ಪರೀಕ್ಷೆ ಮಾಡಿದರೂ ಇದು ಅಂತ ತೋರಿಸಲು ಏನೂ ಸಿಗುವುದಿಲ್ಲ. ಹೆಂಗಸರಲ್ಲೇ ಜಾಸ್ತಿ ಕಾಣಿಸಿಕೊಳ್ಳುತ್ತದೆ. ನಮ್ಮ ಚಿಕ್ಕಮ್ಮ ಹತ್ತು ವರ್ಷ "ಮೈಕೈ ನೋವು" ಅನ್ನುತ್ತಾ ಇದ್ದರು, ನಾವೆಲ್ಲ "ವಯಸ್ಸಾಯ್ತಲ್ಲ, ಬಿಸಿನೀರು ಹಾಕ್ಕೋ" ಅನ್ನುತ್ತಾ ಇದ್ದೆವು. ಒಬ್ಬ ಡಾಕ್ಟರಂತೂ ಮುಖ ನೋಡದೆ ವಿಟಮಿನ್ ಮಾತ್ರೆ ಬರೆದು ಕಳಿಸಿದ್ದರು. ಈ ಪುಸ್ತಕ ಓದಿದ ಮೇಲೆ ನನಗೆ ಮೊದಲು ನೆನಪಾದದ್ದು ಚಿಕ್ಕಮ್ಮನ ಮುಖ.

ಒಂದು ದಿನ ಕಾರೊಂದು ಕ್ಲೋಯಿಯ ಪಕ್ಕದಲ್ಲೇ ಹಾದು ಹೋಗುತ್ತದೆ, ಕೂದಲೆಳೆಯಲ್ಲಿ ಬಚಾವು. ಸತ್ತಿದ್ದರೆ ತನ್ನ ಬದುಕಿನ ಬಗ್ಗೆ ಹೇಳಲು ಏನೂ ಇರುತ್ತಿರಲಿಲ್ಲ ಅಂತ ಅವಳಿಗೆ ಅನ್ನಿಸಿ, ಮಾಡಬೇಕಾದ ಕೆಲಸಗಳ ಪಟ್ಟಿ ಬರೆಯುತ್ತಾಳೆ. ಅಪ್ಪನ ಮನೆ ಬಿಡಬೇಕು, ಬೈಕಿನಲ್ಲಿ ಕೂರಬೇಕು, ಟೆಂಟ್ ಹಾಕಿ ಮಲಗಬೇಕು, ಇನ್ನೂ ಏನೇನೋ ಇವೆ, ಅದನ್ನು ನೀವೇ ಓದಿಕೊಳ್ಳಿ. ಅವಳ ಹೊಸ ಅಪಾರ್ಟ್‌ಮೆಂಟಿನ ಮೇಲ್ವಿಚಾರಕ ರೆಡ್, ಕೆಂಪು ಕೂದಲಿನ ಬಿಳಿಯ, ಚಿತ್ರ ಬರೆಯುವವನು, ಬೈಕ್ ಇದೆ. ಮರ ಹತ್ತಿ ಇಳಿಯಲಾಗದ ಬೆಕ್ಕು ಒಂದು ಸೇರಿಕೊಂಡರೆ ಕಥೆ ಶುರು.

ಇಲ್ಲಿ ಅಡ್ಡಿ ಯಾವುದು? ಬಣ್ಣ ಅಲ್ಲ. ಕಾಯಿಲೆಯೂ ಅಲ್ಲ. ಕಾಯಿಲೆ ಬಂದಾಗ ಮದುವೆ ಆಗಬೇಕಿದ್ದವನೂ ಗೆಳತಿಯರೂ ಅವಳನ್ನು ಬಿಟ್ಟು ಹೋಗಿದ್ದಾರೆ. ರೆಡ್‌ಗೆ ಹಿಂದೆ ಸಿಕ್ಕಿದ್ದ ಶ್ರೀಮಂತ ಹುಡುಗಿ ಅವನನ್ನು ಕಾಲ ಕೆಳಗೆ ಹಾಕಿ ತುಳಿದಿದ್ದಳು. ಒಬ್ಬಳಿಗೆ ಬಿಟ್ಟು ಹೋಗುತ್ತಾರೆ ಎಂಬ ಭಯ, ಒಬ್ಬನಿಗೆ ಆಟ ಆಡಿಸುತ್ತಾರೆ ಎಂಬ ಭಯ. ಎರಡು ಭಯಗಳ ನಡುವೆ ಇವರಿಬ್ಬರು ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬರುತ್ತಾರೆ. ಕಾಯಿಲೆ ಕೊನೆಯವರೆಗೂ ಹಾಗೇ ಇರುತ್ತದೆ. ವಾಸಿಯಾಗುವುದಿಲ್ಲ. ಪ್ರೀತಿಯಿಂದ ಕಾಯಿಲೆ ಗುಣವಾಯಿತು ಅನ್ನುವ ಸುಳ್ಳು ಇಲ್ಲಿಲ್ಲ, ಅದೇ ಇದರ ದೊಡ್ಡತನ. ಅವಳಿಗೆ ಇವತ್ತು ಏಳಲು ಆಗುವುದಿಲ್ಲ ಅಂದರೆ ಅವನು ಪಕ್ಕದಲ್ಲಿ ಕೂರುತ್ತಾನೆ, ಅಷ್ಟೇ.

ಇದನ್ನು ಓದುವಾಗ ತ್ರಿವೇಣಿಯವರ "ಶರಪಂಜರ" ನೆನಪಾಗದೇ ಇರುವುದಿಲ್ಲ. ಕಾವೇರಿಗೆ ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬರುತ್ತದೆ, ವಾಸಿಯಾಗಿ ಮನೆಗೆ ಬರುತ್ತಾಳೆ, ಆದರೆ ಮನೆಯವರ ಕಣ್ಣಿನಲ್ಲಿ ಅವಳು ಹುಚ್ಚಿಯಾಗಿಯೇ ಉಳಿಯುತ್ತಾಳೆ. ಅಲ್ಲಿ ಕಾಯಿಲೆ ವಾಸಿಯಾಯಿತು, ಪ್ರೀತಿ ಹೋಯಿತು. ಇಲ್ಲಿ ಕಾಯಿಲೆ ಹೋಗಲಿಲ್ಲ, ಪ್ರೀತಿ ಉಳಿಯಿತು. ಎರಡನ್ನೂ ಒಂದೇ ಮಳೆಗಾಲದಲ್ಲಿ ಓದಿ ನೋಡಿ. ಆದರೆ ಮೊದಲು "ಶರಪಂಜರ" ಓದಿ, ಆಮೇಲೆ ಇದು. ತಿರುಗಿಸಿ ಓದಿದರೆ ಒಂದು ವಾರ ಊಟ ಸೇರುವುದಿಲ್ಲ.

ಬಿಸಿ: ಕೊತಕೊತ. ಇಂಗ್ಲಿಷ್: ಬ್ರಿಟಿಷರ ಕುಹಕ ಮಾತು ಜಾಸ್ತಿ, ಮೊದಲ ಐವತ್ತು ಪುಟ ಸ್ವಲ್ಪ ತಡವರಿಸುತ್ತೀರಿ, ಆಮೇಲೆ ಸಲೀಸು.

ಹೆಣ್ಣು ನೋಡುವ ಶಾಸ್ತ್ರ, ವಿಯೆಟ್ನಾಂ ಶೈಲಿಯಲ್ಲಿ

ಎರಡನೆಯದು ಹೆಲೆನ್ ಹೊವಾಂಗ್ ಅವರ ದಿ ಬ್ರೈಡ್ ಟೆಸ್ಟ್, ಇದೂ 2019ರದ್ದೇ. ಮಲೆನಾಡಿನವರು ಇದನ್ನು ಓದಲೇಬೇಕು, ಯಾಕೆ ಅಂತ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದಲ್ಲಿ ಇರುವ ವಿಯೆಟ್ನಾಂ ಮೂಲದ ಖಾಯ್ ಲೆಕ್ಕಪತ್ರದ ಕೆಲಸ ಮಾಡುವವನು, ಆಟಿಸಂ ಇದೆ. ತನಗೆ ಪ್ರೀತಿ ಮಾಡಲು ಬರುವುದೇ ಇಲ್ಲ, ತನ್ನ ಎದೆ ಕಲ್ಲು ಅಂತ ನಂಬಿಕೊಂಡಿದ್ದಾನೆ. ಅವನ ಅಮ್ಮ ಕೇಳುತ್ತಾಳಾ? ಸೀದಾ ವಿಯೆಟ್ನಾಂಗೆ ಹೋಗಿ ಹೋಟೆಲ್ ಒಂದರಲ್ಲಿ ಹುಡುಗಿಯರನ್ನು ಕರೆದು ಸಂದರ್ಶನ ಮಾಡುತ್ತಾಳೆ. ಬಂದವರು ಯಾರೂ ಒಪ್ಪಿಗೆಯಾಗುವುದಿಲ್ಲ, ಅಲ್ಲೇ ಬಾತ್‌ರೂಂ ತೊಳೆಯುತ್ತಿದ್ದ ಹುಡುಗಿ ಒಪ್ಪಿಗೆಯಾಗುತ್ತಾಳೆ. ಅವಳೇ ಎಸ್ಮೆ. ಒಂದು ಬೇಸಿಗೆಯ ಮಟ್ಟಿಗೆ ಅಮೆರಿಕಕ್ಕೆ ಬಾ, ನನ್ನ ಮಗನಿಗೆ ಇಷ್ಟವಾದರೆ ಮದುವೆ, ಇಲ್ಲದಿದ್ದರೆ ವಾಪಸ್ಸು ಅಂತ ಒಪ್ಪಂದ. ಎಸ್ಮೆಗೆ ಒಂದು ಮಗುವಿದೆ, ಅದನ್ನು ಅವಳು ಹೇಳುವುದಿಲ್ಲ.

ಈಗ ನಮ್ಮ ಕಡೆ ನೋಡಿ. ಅಡಿಕೆ ತೋಟ ಇದೆ, ಮನೆ ಇದೆ, ಹುಡುಗ ಒಳ್ಳೆಯವನು, ಹೆಣ್ಣು ಸಿಗುತ್ತಿಲ್ಲ. ಹಳ್ಳಿ ಮನೆಗೆ ಯಾರೂ ಬರಲು ಒಪ್ಪುವುದಿಲ್ಲ. ಅದಕ್ಕೆ ಉತ್ತರ ಭಾರತದ ಕಡೆಯಿಂದ ಸೊಸೆ ತಂದ ಮನೆಗಳು ನಮ್ಮ ಸುತ್ತಮುತ್ತ ಇವೆ. ಅಂಥ ಒಂದು ಮನೆಗೆ ನಾನು ಊಟಕ್ಕೆ ಹೋಗಿದ್ದೆ. ಆ ಹುಡುಗಿಗೆ ಕನ್ನಡ ಬಾರದು, ಅತ್ತೆಗೆ ಹಿಂದಿ ಬಾರದು. ಇಬ್ಬರೂ ಅಡುಗೆ ಮನೆಯಲ್ಲಿ ಪಾತ್ರೆ ತೋರಿಸಿ ಮಾತಾಡಿಕೊಳ್ಳುತ್ತಿದ್ದರು. ಕಡುಬಿನ ಜೊತೆ ಏನು ಬಡಿಸಬೇಕು ಅಂತ ಅವಳು ಕಣ್ಣಲ್ಲೇ ಕೇಳಿದಳು, ಅತ್ತೆ ಚಟ್ನಿಯ ಕಡೆ ಗಲ್ಲ ಆಡಿಸಿದರು. ಹೊರಗಿನವರು ಅವಳ ಬಗ್ಗೆ ಆಡುವ ಮಾತು ನಿಮಗೆ ಗೊತ್ತೇ ಇದೆ. "ದುಡ್ಡು ಕೊಟ್ಟು ತಂದಿದ್ದಾರೆ" ಅನ್ನುತ್ತಾರೆ. ಅವಳ ಮನಸ್ಸಿನಲ್ಲಿ ಏನಿತ್ತು, ಬಸ್ಸು ರೈಲು ಹತ್ತಿ ಎರಡು ಸಾವಿರ ಕಿಲೋಮೀಟರ್ ಬರುವಾಗ ಏನು ಅಂದುಕೊಂಡು ಬಂದಳು, ಯಾರೂ ಕೇಳಿದ್ದು ನಾನು ನೋಡಿಲ್ಲ.

ಈ ಪುಸ್ತಕ ಅದನ್ನು ಕೇಳುತ್ತದೆ. ಎಸ್ಮೆಯ ಕಡೆಯಿಂದ ನೋಡುತ್ತದೆ. ಅವಳು ಅತ್ತೆಯಾಗಬೇಕಾದವಳ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಾಳೆ, ರಾತ್ರಿ ಶಾಲೆಯಲ್ಲಿ ಓದುತ್ತಾಳೆ, ಮುರುಕು ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ. ಆದರೆ ಅವಳು ತನ್ನ ಭಾಷೆಯಲ್ಲಿ ಯೋಚಿಸುವಾಗ ಎಷ್ಟು ಚುರುಕು ಅಂತ ನಮಗೆ ಮಾತ್ರ ಕಾಣುತ್ತದೆ. ಭಾಷೆ ಬಾರದವರನ್ನು ದಡ್ಡರು ಅಂದುಕೊಳ್ಳುವ ಚಾಳಿ ನಮಗೆಲ್ಲ ಇದೆ. ಇದನ್ನು ಓದಿದ ಮೇಲೆ ನನಗೆ ಆ ಅಡುಗೆ ಮನೆ ಬೇರೆ ಥರ ಕಾಣಲು ಶುರುವಾಯಿತು. ಲೇಖಕಿಯ ತಾಯಿಯೂ ವಿಯೆಟ್ನಾಂನಿಂದ ಅಮೆರಿಕಕ್ಕೆ ಬಂದವರು, ಎಸ್ಮೆಯ ಪಾತ್ರಕ್ಕೆ ಅವರೇ ಸ್ಫೂರ್ತಿ.

ಇಲ್ಲಿ ಬೇರೆತನವೇ ಅರ್ಧ ಅಡ್ಡಿ. ಖಾಯ್‌ಗೆ ತನ್ನೊಳಗೆ ಏನಾಗುತ್ತಿದೆ ಅಂತ ಗುರುತು ಹಿಡಿಯಲು ಬರುವುದಿಲ್ಲ. ತೀರಿಕೊಂಡ ಗೆಳೆಯನಿಗಾಗಿ ಅಳಲಿಲ್ಲ, ಹಾಗಾದರೆ ನನಗೆ ಪ್ರೀತಿ ಇಲ್ಲ ಅಂತ ತಾನೇ ತೀರ್ಮಾನ ಮಾಡಿಬಿಟ್ಟಿದ್ದಾನೆ. ಹೆಲೆನ್ ಹೊವಾಂಗ್‌ಗೂ ಆಟಿಸಂ ಇದೆ, ಅದು ಗೊತ್ತಾದದ್ದು 2016ರಲ್ಲಿ, ದೊಡ್ಡವರಾದ ಮೇಲೆ. ಅದಕ್ಕೇ ಖಾಯ್ ಸಿನಿಮಾದ ಗೊಂಬೆಯ ಹಾಗಿಲ್ಲ. ಯಾವ ಥರ ಮುಟ್ಟಿದರೆ ಹಿತ, ಯಾವ ಥರ ಮುಟ್ಟಿದರೆ ಮೈ ಉರಿಯುತ್ತದೆ ಅಂತ ಒಳಗಿನಿಂದ ಬರೆದಿದ್ದಾರೆ.

ಇವರ ಮೊದಲ ಪುಸ್ತಕ ದಿ ಕಿಸ್ ಕೋಶೆಂಟ್, 2018ರದ್ದು, ಹೆಸರು ಜಾಸ್ತಿ ಮಾಡಿದ್ದು ಅದೇ. ಅಲ್ಲಿ ಆಟಿಸಂ ಇರುವುದು ನಾಯಕಿಗೆ. ಅಂಕಿಸಂಖ್ಯೆಯಲ್ಲಿ ಮುಳುಗಿರುವ ಅವಳು ಗಂಡು ಹೆಣ್ಣಿನ ವ್ಯವಹಾರ ಕಲಿಯಲು ದುಡ್ಡು ಕೊಟ್ಟು ಒಬ್ಬನನ್ನು ನೇಮಿಸಿಕೊಳ್ಳುತ್ತಾಳೆ. ಹಂಡೆ ಉಕ್ಕಿ ಒಲೆಯೇ ಆರಿ ಹೋಗುವಷ್ಟು ಬಿಸಿ. ಎರಡರಲ್ಲಿ ಒಂದು ಅಂದರೆ ನಾನು ಬ್ರೈಡ್ ಟೆಸ್ಟ್ ಅನ್ನುತ್ತೇನೆ. ಮನೆ, ಅಮ್ಮ, ಅತ್ತೆ, ಅಡುಗೆ ಎಲ್ಲ ಅದರಲ್ಲಿದೆ. ಅದರದ್ದೂ ಬಿಸಿ ಕಡಿಮೆಯೇನಲ್ಲ. ಇಂಗ್ಲಿಷ್ ಐದರಲ್ಲೇ ಸುಲಭ, ಸಣ್ಣ ಸಣ್ಣ ವಾಕ್ಯ.

ಅತ್ತೆಯ ಮುಂದೆಯೂ ಓದಬಹುದಾದದ್ದು

ಉಜ್ಮಾ ಜಲಾಲುದ್ದೀನ್ ಅವರ ಆಯೇಷಾ ಅಟ್ ಲಾಸ್ಟ್, 2018. ಕೆನಡಾದ ಟೊರಾಂಟೊ, ಅಲ್ಲಿನ ಮುಸ್ಲಿಂ ಕುಟುಂಬಗಳು. ಆಯೇಷಾ ಬದಲಿ ಟೀಚರ್, ಒಳಗೊಳಗೆ ಕವಿ. ಖಾಲಿದ್ ಉದ್ದ ಗಡ್ಡ, ಬಿಳಿ ನಿಲುವಂಗಿ, ಮದುವೆಯನ್ನು ಅಮ್ಮ ಗೊತ್ತು ಮಾಡುತ್ತಾಳೆ ಅಂತ ನೆಮ್ಮದಿಯಾಗಿ ಇರುವವನು. ಅವಳಿಗೆ ಅವನು ಗೊಡ್ಡು ಅನ್ನಿಸುತ್ತದೆ, ಅವನಿಗೆ ಅವಳು ಜೋರು ಅನ್ನಿಸುತ್ತದೆ. ಜೊತೆಗೆ ಅವಳನ್ನು ಅವಳ ಚಿಕ್ಕ ವಯಸ್ಸಿನ ಕಸಿನ್ ಎಂದು ತಪ್ಪು ತಿಳಿದುಕೊಳ್ಳುತ್ತಾನೆ. 1813ರಲ್ಲಿ ಬಂದ ಜೇನ್ ಆಸ್ಟಿನ್ ಅವರ ಪ್ರೈಡ್ ಅಂಡ್ ಪ್ರೆಜುಡಿಸ್‌ನ ಎಲುಬಿನ ಮೇಲೆ ಹೊಸ ಮಾಂಸ ಹಚ್ಚಿದ ಕಥೆ. ಹಳೆಯದನ್ನು ಓದಿರದಿದ್ದರೂ ಏನೂ ತೊಂದರೆ ಇಲ್ಲ.

ನನಗೆ ಹಿಡಿಸಿದ್ದು ಏನೆಂದರೆ, ಇಲ್ಲಿ ನಾಯಕ "ಮಾಡರ್ನ್" ಆಗುವುದಿಲ್ಲ. ನಮಾಜು ಬಿಟ್ಟು ಒಳ್ಳೆಯವನಾಗುವುದಿಲ್ಲ. ಆಫೀಸಿನಲ್ಲಿ ಮೇಲಿನವಳು ಅವನ ಬಟ್ಟೆ ನೋಡಿಯೇ ಕಾಟ ಕೊಡುತ್ತಾಳೆ, ಅದನ್ನು ಓದುವಾಗ ಹೊಟ್ಟೆ ಉರಿಯುತ್ತದೆ. ಆದರೆ ಪ್ರೀತಿಗೆ ಅಡ್ಡಿ ಧರ್ಮ ಅಲ್ಲ. ಧರ್ಮ ಇಬ್ಬರದೂ ಮನೆ. ಅಡ್ಡಿ ಇಬ್ಬರ ಅಹಂಕಾರ, ಒಬ್ಬಳು ಅಮ್ಮ, ಒಬ್ಬಳು ಕಸಿನ್.

ಒಲೆ ಹಚ್ಚಿಯೇ ಇಲ್ಲ. ಆದರೂ ಒಂದು ನೋಟಕ್ಕೆ ಎದೆ ಡವಡವ ಅನ್ನುತ್ತದೆ. ನಮ್ಮ ಅಮ್ಮನಿಗೆ ಕಥೆ ಓದಿ ಹೇಳಿದ್ದು ಇದೊಂದನ್ನೇ. ಅವರ ತೀರ್ಪು: "ಪಾಪ, ಅವನ ಅಮ್ಮನದ್ದೇ ತಪ್ಪು." ಸ್ವತಃ ಅತ್ತೆಯಾದವರ ಬಾಯಲ್ಲಿ ಈ ಮಾತು ಕೇಳಿ ಅತ್ತಿಗೆ ನನ್ನ ಮುಖ ನೋಡಿದಳು.

ಇಬ್ಬರು ಹುಡುಗರು

ಕೇಸಿ ಮೆಕ್‌ಕ್ವಿಸ್ಟನ್ ಅವರ ರೆಡ್, ವೈಟ್ ಅಂಡ್ ರಾಯಲ್ ಬ್ಲೂ, 2019. ಅಮೆರಿಕದ ಅಧ್ಯಕ್ಷೆಯ ಮಗ, ಇಂಗ್ಲೆಂಡಿನ ರಾಜಕುಮಾರ. ಮದುವೆ ಮನೆಯಲ್ಲಿ ಜಗಳವಾಡಿ ಕೇಕಿನ ಮೇಲೆ ಬೀಳುತ್ತಾರೆ, ಆಮೇಲೆ ಪ್ರೀತಿಯಲ್ಲೂ ಬೀಳುತ್ತಾರೆ. 2023ರಲ್ಲಿ ಸಿನಿಮಾವೂ ಆಗಿದೆ. ಸಿನಿಮಾ ನೋಡಿ ಪುಸ್ತಕ ಬಿಡಬೇಡಿ, ಇವರು ಒಬ್ಬರಿಗೊಬ್ಬರು ಬರೆಯುವ ಇಮೇಲ್‌ಗಳೇ ಪುಸ್ತಕದ ಜೀವ.

ಇದು ಅಜ್ಜಿ ಕಥೆ. ಅಜ್ಜಿ ಕಥೆಯಾಗಿಯೇ ಓದಬೇಕು. ಕನ್ನಡದಲ್ಲಿ ವಸುಧೇಂದ್ರ ಅವರ "ಮೋಹನಸ್ವಾಮಿ" 2013ರಲ್ಲಿ ಬಂತು, ಅದರ ಕಥೆಗಳನ್ನು ಓದಿ ಮೌನವಾಗಿ ಕೂತವರು ನಾವೆಲ್ಲ. ಅಲ್ಲಿ ನಮ್ಮ ಊರು, ನಮ್ಮ ಬೈಗುಳ, ನಮ್ಮ ಭಯ ಎಲ್ಲ ನಿಜ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಕುತ್ತಿಗೆಯನ್ನು ಸುಪ್ರೀಂ ಕೋರ್ಟ್ ಹಿಡಿದದ್ದು 2018ರ ಸೆಪ್ಟೆಂಬರ್ 6ರಂದು, ಅಂದರೆ ಆ ಪುಸ್ತಕ ಬಂದು ಐದು ವರ್ಷದ ಮೇಲೆ. 2023ರಲ್ಲಿ ಮದುವೆಯ ಹಕ್ಕು ಕೇಳಿದಾಗ ಕೋರ್ಟ್ ಕೊಡಲಿಲ್ಲ. ಹಾಗಿರುವಾಗ ಇಬ್ಬರು ಹುಡುಗರು ನಗುನಗುತ್ತಾ ಜೊತೆಯಾಗುವ ಕಥೆ ಸುಳ್ಳು ಅನ್ನಿಸುತ್ತದಾ? ನನಗೆ ಹಾಗನ್ನಿಸಲಿಲ್ಲ. ಬರೀ ಗಂಡು ಹೆಣ್ಣಿನ ಜೋಡಿಗಳಿಗೇ ಯಾಕೆ ಸುಖಾಂತದ ಸುಳ್ಳು ಸಿಗಬೇಕು?

ಒಂದು ತೊಂದರೆ ಇದೆ. ಅಮೆರಿಕದ ಚುನಾವಣೆಯ ಮಾತು ವಿಪರೀತ. ನಡುವೆ ಅರವತ್ತು ಪುಟ ನಾನು ಹಾರಿಸಿದ್ದೇನೆ, ಏನೂ ನಷ್ಟ ಆಗಲಿಲ್ಲ. ಆಡುಮಾತಿನ ಇಂಗ್ಲಿಷ್, ಕಷ್ಟವೇ. ಹಂಡೆ ಹೊಗೆಯಾಡುತ್ತದೆ.

ಐದನೆಯದನ್ನು ಬೇಗ ಹೇಳಿಬಿಡುತ್ತೇನೆ. ಸೋನಾಲಿ ದೇವ್ ಅವರ ಎ ಬಾಲಿವುಡ್ ಅಫೇರ್, 2014. ರಾಜಸ್ಥಾನದ ಮಿಲಿಗೆ ನಾಲ್ಕನೇ ವಯಸ್ಸಿಗೆ ಮದುವೆಯಾಗಿದೆ, ಗಂಡನ ಮುಖ ಗೊತ್ತಿಲ್ಲ, ಇಪ್ಪತ್ತು ವರ್ಷದಿಂದ ಕಾಯುತ್ತಿದ್ದಾಳೆ. ಓದಲು ಅಮೆರಿಕಕ್ಕೆ ಹೋದಾಗ, ಆ ಮದುವೆ ರದ್ದು ಮಾಡುವ ಕಾಗದಕ್ಕೆ ಸಹಿ ಹಾಕಿಸಲು ಗಂಡನ ತಮ್ಮ ಬರುತ್ತಾನೆ. ಮುಂದಿನದು ನಿಮಗೆ ಊಹೆ ಆಗಿರುತ್ತದೆ. ಸರಾಗವಾಗಿ ಓದಿಸಿಕೊಳ್ಳುತ್ತದೆ, ಊಟದ ವರ್ಣನೆ ಚೆನ್ನಾಗಿದೆ. ಆದರೆ ತೀರ್ಥಹಳ್ಳಿಯಲ್ಲೇ ಹುಟ್ಟಿದ ಎಂ.ಕೆ. ಇಂದಿರಾ ಅವರ "ಫಣಿಯಮ್ಮ" ಓದಿ ಬೆಳೆದವರಿಗೆ ಬಾಲ್ಯವಿವಾಹದ ಮೇಲೆ ಕಟ್ಟಿದ ತಮಾಷೆ ಅಲ್ಲಲ್ಲಿ ಚುಚ್ಚುತ್ತದೆ. ನನಗಂತೂ ಚುಚ್ಚಿತು. ಅತ್ತಿಗೆಗೆ ಚುಚ್ಚಲಿಲ್ಲ, ಎರಡು ರಾತ್ರಿಯಲ್ಲಿ ಮುಗಿಸಿದಳು.

ಕನ್ನಡದಲ್ಲೇ ಇಲ್ವಾ?

ಇದೆ. ಅದೂ ನಮ್ಮ ಮನೆಯ ಹಿತ್ತಿಲಲ್ಲೇ. 1967ರ "ಮಲೆಗಳಲ್ಲಿ ಮದುಮಗಳು" ಅಂದರೆ ಎಲ್ಲರೂ ದೊಡ್ಡ ಪುಸ್ತಕ, ಕಷ್ಟದ ಪುಸ್ತಕ ಅಂತ ಕೈಮುಗಿದು ಕಪಾಟಿನಲ್ಲಿ ಇಡುತ್ತಾರೆ. ತೆಗೆದು ನೋಡಿ, ಒಳಗೆ ಪ್ರೇಮಕಥೆಗಳ ಸಾಲೇ ಇದೆ. ಗುತ್ತಿ ತಿಮ್ಮಿ, ಐತ ಪೀಂಚಲು, ಮುಕುಂದಯ್ಯ ಚಿನ್ನಮ್ಮ. ಗೌಡರ ಮನೆಯವರ ಪ್ರೀತಿಗೆ ಎಷ್ಟು ಜಾಗವೋ ಜೀತದಾಳುಗಳ ಪ್ರೀತಿಗೂ ಅಷ್ಟೇ ಜಾಗ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಶುರುವಿನಲ್ಲೇ ಬರೆದಿಟ್ಟಿದ್ದಾರೆ. ಈಗಿನ ಇಂಗ್ಲಿಷ್ ಪ್ರಕಾಶಕರು ಹೊಸದಾಗಿ ಕಂಡುಹಿಡಿದ ಹಾಗೆ ಹೇಳುವುದನ್ನು ನಮ್ಮ ಮೇಗರವಳ್ಳಿ ಕಾಡಿನಲ್ಲಿ ಅವರು ಆಗಲೇ ಮಾಡಿಯಾಗಿದೆ.

ಆದರೂ ಅತ್ತಿಗೆಗೆ ಅದನ್ನು ಕೊಡಲಿಲ್ಲ. ಯಾರೂ ಸಾಯಬಾರದು ಅಂದಿದ್ದಳಲ್ಲ. ಗುತ್ತಿಯ ನಾಯಿ ಹುಲಿಯನನ್ನು ತುಂಬಿದ ತುಂಗೆ ಕೊಂಡುಹೋಗುವುದನ್ನು ಓದಿ ನಾನು ಎರಡು ದಿನ ಹೊಳೆ ಕಡೆ ನೋಡಿಲ್ಲ. "ನಾಯಿ ಲೆಕ್ಕವಾ?" ಅಂತ ಫೋನಿನಲ್ಲಿ ಕೇಳಿದೆ. "ಮನುಷ್ಯರಿಗಿಂತ ಮೊದಲು ನಾಯಿ ಲೆಕ್ಕ" ಅಂದಳು.

ಅಸಲು ವ್ಯತ್ಯಾಸ ಇಲ್ಲೇ ಇರುವುದು. ಕನ್ನಡದ ದೊಡ್ಡ ಕಾದಂಬರಿಗಳು ಸುಖಾಂತದ ಮಾತು ಕೊಡುವುದಿಲ್ಲ. ರೊಮ್ಯಾನ್ಸ್ ಅಂತ ಮುದ್ರೆ ಹೊತ್ತ ಪುಸ್ತಕ ಆ ಮಾತು ಕೊಟ್ಟೇ ಶುರುವಾಗುತ್ತದೆ. ಇಬ್ಬರೂ ಕೊನೆಗೆ ಜೊತೆಯಲ್ಲಿ ಇರುತ್ತಾರೆ, ಅದು ಕರಾರು. "ಮೊದಲೇ ಗೊತ್ತಿದ್ದರೆ ಓದುವುದು ಯಾಕೆ?" ಅಂತ ನಮ್ಮಣ್ಣ ಕೇಳುತ್ತಾನೆ. ಅವನೇ ರಾತ್ರಿಯೆಲ್ಲ ಯಕ್ಷಗಾನ ನೋಡುತ್ತಾನೆ. ಕೃಷ್ಣ ಗೆಲ್ಲುತ್ತಾನೆ ಅಂತ ಅವನಿಗೆ ಗೊತ್ತಿಲ್ವಾ? ಹೇಗೆ ಗೆಲ್ಲುತ್ತಾನೆ ಅಂತ ನೋಡಲು ತಾನೇ ಹೋಗುವುದು. ಕಾಯಿಲೆಯವಳಿಗೆ, ಕಪ್ಪು ಬಣ್ಣದವಳಿಗೆ, ಮಗು ಇರುವವಳಿಗೆ ಆ ಕರಾರು ಸಿಗಲು ಇಷ್ಟು ವರ್ಷ ಬೇಕಾಯಿತು ಅನ್ನುವುದೇ ನನ್ನನ್ನು ಈ ಪುಸ್ತಕಗಳಿಗೆ ಕಟ್ಟಿಹಾಕಿರುವುದು.

ಕಾಗದವೋ, ಕಿಂಡಲೋ, ಕಿವಿಗೋ?

ಕಾಗದದ ಪುಸ್ತಕ ಮಲೆನಾಡಿನ ಮಳೆಗಾಲದಲ್ಲಿ ಮಗುವಿದ್ದ ಹಾಗೆ. ಬೂಷ್ಟು ಹಿಡಿಯುತ್ತದೆ, ಹಾಳೆ ಅಲೆ ಅಲೆಯಾಗಿ ಉಬ್ಬುತ್ತದೆ. ನಾವು ಬಚ್ಚಲೊಲೆಯ ಹತ್ತಿರದ ಗೋಡೆಯ ಗೂಡಿನಲ್ಲಿ ಇಡುತ್ತೇವೆ, ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಪರವಾಗಿಲ್ಲ. ಆನ್‌ಲೈನ್‌ನಲ್ಲಿ ತೀರಾ ಕಡಿಮೆ ಬೆಲೆಗೆ ಸಿಕ್ಕಿದರೆ ಅನುಮಾನ ಪಡಿ. ನಾನು ತರಿಸಿದ ಒಂದು ಪ್ರತಿಯಲ್ಲಿ ಹದಿನಾರು ಪುಟ ಎರಡೆರಡು ಸಲ ಇದ್ದವು, ಮುಂದಿನ ಹದಿನಾರು ಇರಲೇ ಇಲ್ಲ. ಅದೂ ಇಬ್ಬರೂ ಜಗಳವಾಡಿ ರಾಜಿಯಾಗುವ ಜಾಗ. ಮಾರಿದವರು ಫೋನ್ ಎತ್ತಲಿಲ್ಲ. ನಕಲಿ ಮುದ್ರಣದ ಗುರುತು ಸುಲಭ: ರಟ್ಟಿನ ಅಕ್ಷರ ಮಬ್ಬು, ಕಾಗದ ಹಿಂದಿನ ಪುಟ ಕಾಣುವಷ್ಟು ತೆಳು, ಎರಡು ಸಲ ಪೂರ್ತಿ ಬಿಡಿಸಿದರೆ ಅಂಟು ಬಿಟ್ಟು ಹಾಳೆ ಕೈಗೆ ಬರುತ್ತದೆ.

ಕಿಂಡಲ್ ನಮ್ಮಂಥ ಊರಿಗೆ ಹೇಳಿ ಮಾಡಿಸಿದ್ದು. ಒಂದು ಸಲ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಕಷ್ಟದ ಪದದ ಮೇಲೆ ಬೆರಳಿಟ್ಟರೆ ಅರ್ಥ ಹೇಳುತ್ತದೆ, ಅತ್ತಿಗೆಗೆ ಅದೇ ತುಂಬ ಹಿಡಿಸಿತು. ಇನ್ನೊಂದು ಲಾಭ, ರಟ್ಟು ಯಾರಿಗೂ ಕಾಣುವುದಿಲ್ಲ. ಬಸ್ಸಿನಲ್ಲಿ ಮಂಡಗದ್ದೆ ದಾಟುವ ತನಕ ಪಕ್ಕದ ಸೀಟಿನ ಹೆಂಗಸು ನನ್ನ ಕೈಯಲ್ಲಿ ಇರುವುದು ಭಗವದ್ಗೀತೆ ಅಂದುಕೊಂಡಿದ್ದರು. ಪುಸ್ತಕಗಳನ್ನು ಶಿವಮೊಗ್ಗದಲ್ಲೇ ಇಳಿಸಿಕೊಂಡು ಹೊರಡಿ, ಊರಿಗೆ ಹೋದ ಮೇಲೆ ಆಗುವ ಕೆಲಸ ಅಲ್ಲ.

ಆಡಿಯೋ ಪುಸ್ತಕ ಅಡಿಕೆ ಕೊಯ್ಲಿನ ಕಾಲಕ್ಕೆ. ಸುಲಿಯಲು ಕೂತರೆ ಕೈಗೆ ಕೆಲಸ, ಕಿವಿ ಖಾಲಿ. ಆದರೆ ಇಯರ್‌ಫೋನ್ ಕಡ್ಡಾಯ. ಯಾಕೆ ಅಂತ ಬಿಡಿಸಿ ಹೇಳುವುದಿಲ್ಲ, ನಮ್ಮ ಮಾವನವರು ಇನ್ನೂ ಆ ದಿನದ ಬಗ್ಗೆ ಮಾತಾಡಿಲ್ಲ.

ಇಷ್ಟು ಹೇಳಿದ ಮೇಲೂ "ಒಂದೇ ಒಂದು ಹೇಳು" ಅನ್ನುವವರು ಇರುತ್ತಾರೆ. ರೊಮ್ಯಾನ್ಸ್ ಓದೇ ಇಲ್ಲ, ನಾಚಿಕೆ ಅಂದರೆ ಆಯೇಷಾ. ಮನೆಯಲ್ಲಿ ಮಗನಿಗೆ ಹೆಣ್ಣು ಹುಡುಕುತ್ತಿದ್ದರೆ ಬ್ರೈಡ್ ಟೆಸ್ಟ್, ಹುಡುಗನಿಗೂ ಓದಿಸಿ. ಬೇಜಾರಾಗಿದೆ, ಸುಮ್ನೆ ನಗಬೇಕು ಅಂದರೆ ರಾಜಕುಮಾರನ ಕಥೆ. ಮೈಕೈ ನೋವನ್ನು ಯಾರೂ ನಂಬುತ್ತಿಲ್ಲ ಅನ್ನುವವರಿಗೆ ಕ್ಲೋಯಿ. ಅದು ಇಷ್ಟವಾದರೆ ಅವಳ ತಂಗಿಯ ಕಥೆ ಟೇಕ್ ಎ ಹಿಂಟ್, ಡ್ಯಾನಿ ಬ್ರೌನ್ ಇದೆ, 2020ರದ್ದು. ಅದರ ನಾಯಕ ಜಾಫಿರ್ ಹಿಂದೆ ರಗ್ಬಿ ಆಡುತ್ತಿದ್ದ ದೊಡ್ಡ ಆಳು, ಈಗ ಸೆಕ್ಯುರಿಟಿ ಗಾರ್ಡ್. ಅವನು ಬಿಡುವಿದ್ದಾಗ ಏನು ಮಾಡುತ್ತಾನೆ ಗೊತ್ತಾ? ಪ್ರೇಮಕಾದಂಬರಿ ಓದುತ್ತಾನೆ. ಇದನ್ನು ಅಣ್ಣನಿಗೆ ಹೇಳಿದೆ. ಏನೂ ಮಾತಾಡಲಿಲ್ಲ. ಹೋದ ಭಾನುವಾರ ಊರಿಗೆ ಹೋದಾಗ ಕಿಂಡಲ್ ಹುಡುಕಿದರೆ ಜಗಲಿಯಲ್ಲಿ ಅವನ ಕಂಬಳಿಯ ಕೆಳಗೆ ಸಿಕ್ಕಿತು, ನೂರ ಹನ್ನೆರಡನೇ ಪುಟದಲ್ಲಿ.